ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಪುಣೆಯಲ್ಲಿ ನಮ್ಮ ಕನ್ನಡ ಬಳಗದ ಸಂಜೆಯ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಜಾಸ್ತಿ ಬದಲಿಸಿಲ್ಲ.

ಎಲ್ಲರಿಗೂ ನಮಸ್ಕಾರ. ಹಡಪ್ಸರ್, ಪಿಂಪ್ರಿ, ಕಾತ್ರಜ್ ಅಂತ ದೂರದೂರದಿಂದ ಈ ಟ್ರಾಫಿಕ್ ದಾಟಿಕೊಂಡು ಕೋಥ್ರೂಡಿಗೆ ಬಂದಿದ್ದೀರಿ. ತುಂಬಾ ಸಂತೋಷ. ನನಗೆ ಕೊಟ್ಟ ವಿಷಯ ‘ನಡುವಯಸ್ಸು ಮತ್ತು ಆರೋಗ್ಯ’. ಬಿಪಿ, ಶುಗರ್ ಬಗ್ಗೆ ಹೇಳೋಕೆ ಡಾಕ್ಟರು ಇದ್ದಾರೆ. ನಾನು ಒಂದು ಓಟದ ಬಗ್ಗೆ ಹೇಳುತ್ತೇನೆ. ಪುಣೆ ಹತ್ತಿರದ ಸಿಂಹಗಡ ಕೋಟೆಯ ಏರಿನಲ್ಲಿ ನಮ್ಮ ಓಟದ ಗುಂಪಿನವರು ನಮ್ಮನಮ್ಮಲ್ಲೇ ನಡೆಸುವ ಓಟ. ಅದಕ್ಕೆ ಟೀ ಶರ್ಟ್ ಇಲ್ಲ, ಮೆಡಲ್ ಇಲ್ಲ. ಗೆದ್ದವರಿಗೆ ಗಡದ ಮೇಲೆ ಒಂದು ಮಡಿಕೆ ಮೊಸರು, ಅಷ್ಟೇ. ಅದನ್ನು ಹ್ಯಾಂಡಿಕ್ಯಾಪ್ ಓಟ ಅಂತ ಕರೆಯುತ್ತಾರೆ.

ಅದಕ್ಕೆ ಮೊದಲು ನನ್ನ ತಮ್ಮನ ವಿಷಯ ಹೇಳಬೇಕು.

ನಾವು ಧಾರವಾಡದ ಹತ್ತಿರದ ಹಳ್ಳಿಯವರು. ಸಂಜೆ ಗುಡಿಯ ಮುಂದೆ ಮುಟ್ಟಾಟ ಆಡುತ್ತಿದ್ದೆವು. ತಮ್ಮನಿಗೆ ಆಗ ಐದು ವರ್ಷ. ಅವನನ್ನು ಬಿಟ್ಟು ಹೋದರೆ ಅವ್ವ ಬೈಯುತ್ತಾಳೆ, ಕರೆದುಕೊಂಡು ಹೋದರೆ ಆಟ ಕೆಡುತ್ತದೆ. ಅದಕ್ಕೆ ಎಲ್ಲ ಮನೆಗಳ ಹಾಗೆ ನಾವೂ ಒಂದು ಉಪಾಯ ಮಾಡಿದ್ದೆವು. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಓಡುತ್ತಿದ್ದ, ಕಿರುಚುತ್ತಿದ್ದ, ಕಂಬದ ಹಿಂದೆ ಅಡಗುತ್ತಿದ್ದ. ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ. ಒಂದು ದಿನ ಅವನು ಆಟದ ನಡುವೆಯೇ ಮಣ್ಣಿನಲ್ಲಿ ಕುಳಿತು ಅಳೋಕೆ ಶುರು ಮಾಡಿದ. ಏನಾಯ್ತೋ ಅಂತ ಕೇಳಿದರೆ, “ನನ್ನೂ ಔಟ್ ಮಾಡ್ರಿ” ಅಂದ.

ಆ ಮಾತಿನ ಅರ್ಥ ನನಗೆ ಆಗಿದ್ದು ನಲವತ್ತೇಳನೇ ವಯಸ್ಸಿನಲ್ಲಿ. ಆ ವರ್ಷ ಒಂದು ರಸ್ತೆ ಓಟಕ್ಕೆ ಹೆಸರು ಕೊಟ್ಟಿದ್ದೆ, 10 ಕಿಲೋಮೀಟರ್. ನಾಲ್ಕು ತಿಂಗಳು ಬೆಳಿಗ್ಗೆ ಎದ್ದು ತಯಾರಿ ಮಾಡಿದ್ದೆ. ಅವರು ಹೇಳಿದ್ದ ಸಮಯದೊಳಗೇ ಮುಗಿಸಿದೆ. ಕೊನೆಯ ತಿರುವು ದಾಟಿ ನೋಡಿದರೆ ಬ್ಯಾನರ್ ಇಳಿಸುತ್ತಿದ್ದಾರೆ. ನೀರಿನ ಟೇಬಲ್ ಮಡಚಿ ಟೆಂಪೋಗೆ ಹಾಕುತ್ತಿದ್ದಾರೆ. ಒಬ್ಬ ಹುಡುಗ ರಟ್ಟಿನ ಡಬ್ಬಿಯಿಂದ ಮೆಡಲ್ ತೆಗೆದು, ಫೋನಿನಲ್ಲಿ ಮಾತಾಡುತ್ತಲೇ ನನ್ನ ಕೈಗೆ ಕೊಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ, ಬೆಳಗಿನ ಮೂರಕ್ಕೆ ಬಂದಿದ್ದನೋ ಏನೋ. ಆದರೆ ಗುಡಿಯ ಮುಂದಿನ ಆ ಮಣ್ಣು, ಅಲ್ಲಿ ಕುಳಿತು ಅಳುವ ತಮ್ಮ, ಎರಡೂ ಕಣ್ಣೆದುರು ಬಂದವು. ನಾನು ಆಟದಲ್ಲಿದ್ದೆ. ಲೆಕ್ಕದಲ್ಲಿ ಇರಲಿಲ್ಲ.

ಈಗ ಹ್ಯಾಂಡಿಕ್ಯಾಪ್ ಓಟ ಅಂದರೆ ಏನು ಅಂತ ಹೇಳುತ್ತೇನೆ. ಮಾಮೂಲಿ ಓಟದಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಬೇರೆಬೇರೆ ಹೊತ್ತಿಗೆ ಮುಟ್ಟುತ್ತಾರೆ. ಇಲ್ಲಿ ಅದು ತಿರುವುಮುರುವು. ಬೇರೆಬೇರೆ ಹೊತ್ತಿಗೆ ಹೊರಡುತ್ತಾರೆ, ಎಲ್ಲರೂ ಒಟ್ಟಿಗೆ ಮುಟ್ಟಬೇಕು. ನಮ್ಮ ಗುಂಪಿನದೇ ಲೆಕ್ಕ ನೋಡಿ. 71 ವರ್ಷದ ಒಬ್ಬ ಅಜ್ಜನಿಗೆ ಗಡ ಹತ್ತಲು 81 ನಿಮಿಷ ಬೇಕು. ನನಗೆ 70 ನಿಮಿಷ. ಎಲ್ಲರಿಗಿಂತ ಜೋರಾಗಿ ಓಡುವ ಕಾಲೇಜು ಹುಡುಗನಿಗೆ 38 ನಿಮಿಷ. ಅಜ್ಜ 6 ಗಂಟೆಗೆ ಹೊರಡುತ್ತಾರೆ. ನಾನು 6:11ಕ್ಕೆ. ಹುಡುಗ 6:43ಕ್ಕೆ. ಮೂವರೂ ಅವರವರ ಹಿಂದಿನ ಸಮಯದಂತೆಯೇ ಓಡಿದರೆ 7:21ಕ್ಕೆ ಸರಿಯಾಗಿ ಗಡದ ಮೊದಲ ಬಾಗಿಲು ಪುಣೆ ದರವಾಜಾದ ಮುಂದೆ ಇರುತ್ತೇವೆ. ಯಾರು ತಮ್ಮ ಹಳೆಯ ಸಮಯಕ್ಕಿಂತ ಚೆನ್ನಾಗಿ ಓಡುತ್ತಾರೋ ಅವರು ಮುಂದೆ. ಯಾರಿಗೂ ರಿಯಾಯಿತಿ ಕೊಟ್ಟ ಹಾಗಲ್ಲ ಇದು. ಅಜ್ಜ ಗೆಲ್ಲಬೇಕಾದರೆ ಅಜ್ಜ ಕಷ್ಟಪಡಲೇಬೇಕು.

ಆ ಹೆಸರು ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ವಸ್ತು ಅದಲುಬದಲು ಮಾಡುವ ಒಂದು ಆಟ ಇತ್ತು. ಇಬ್ಬರು ತಮ್ಮ ವಸ್ತು ಬದಲಾಯಿಸಿಕೊಳ್ಳಬೇಕು. ಒಂದರ ಬೆಲೆ ಜಾಸ್ತಿ, ಇನ್ನೊಂದರದು ಕಡಿಮೆ. ಮೂರನೆಯವನೊಬ್ಬ ಪಂಚನಾಗಿ ನಿಂತು, ಸರಿದೂಗಿಸಲು ಮೇಲೆ ಎಷ್ಟು ಹಣ ಕೊಡಬೇಕು ಅಂತ ಹೇಳುತ್ತಿದ್ದ. ಒಪ್ಪಿಗೆಯೋ ಇಲ್ಲವೋ ತಿಳಿಸಲು ಇಬ್ಬರೂ ಟೋಪಿಯೊಳಗೆ ಕೈ ಹಾಕಿ ತೆಗೆಯುತ್ತಿದ್ದರು. ಟೋಪಿಯಲ್ಲಿ ಕೈ, ಹ್ಯಾಂಡ್ ಇನ್ ಕ್ಯಾಪ್. ಅಲ್ಲಿಂದ ಅದು ಕುದುರೆ ಓಟಕ್ಕೆ ಹೋಯಿತು. ಜೋರು ಕುದುರೆಯ ಬೆನ್ನಿಗೆ ಭಾರ ಜಾಸ್ತಿ ಹೇರಿದರು. ಅಂಗವೈಕಲ್ಯಕ್ಕೆ ಈ ಪದ ಬಳಸಿದ್ದು ಬಹಳ ಆಮೇಲೆ. ಮೊದಲಿನ ಅರ್ಥದಲ್ಲಿ ಇದ್ದದ್ದು ಸರಿದೂಗಿಸುವುದು ಮಾತ್ರ. ನಮ್ಮ ಸಂತೆಯಲ್ಲಿ ತಕ್ಕಡಿಗೆ ಪಾಸಂಗ ಕಟ್ಟುತ್ತಾರಲ್ವಾ, ಹಾಗೆ.

ಮನುಷ್ಯರ ಓಟದಲ್ಲೂ ಇದು ಹಳೆಯದೇ. ಆಸ್ಟ್ರೇಲಿಯಾದ ಸ್ಟಾವೆಲ್ ಅನ್ನುವ ಊರಿನಲ್ಲಿ 1878ರಿಂದ ಹುಲ್ಲಿನ ಮೇಲೆ 120 ಮೀಟರ್ ಹ್ಯಾಂಡಿಕ್ಯಾಪ್ ಓಟ ನಡೆಯುತ್ತಿದೆ. ಅಲ್ಲಿ ಸಮಯದ ಬದಲು ಜಾಗ ಬಿಟ್ಟುಕೊಡುತ್ತಾರೆ. ನಿಧಾನದವರು ಕೆಲವು ಮೀಟರ್ ಮುಂದೆ ನಿಲ್ಲುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಡಿಪ್‌ಸೀ ಓಟ. 1905ರಲ್ಲಿ ಶುರುವಾಯಿತು. ಗುಡ್ಡ ಹತ್ತಿ ಇಳಿದು ಸಮುದ್ರ ಮುಟ್ಟುವ, ಸುಮಾರು 12 ಕಿಲೋಮೀಟರ್ ಓಟ. ಶುರುವಿನಲ್ಲೇ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ನಮ್ಮ ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲು 103, ಅದನ್ನು ಆರು ಸಲ ಹತ್ತಿದ ಹಾಗೆ. ಅಲ್ಲಿ ವಯಸ್ಸು ನೋಡಿ, ಗಂಡೋ ಹೆಣ್ಣೋ ನೋಡಿ, ಇಷ್ಟಿಷ್ಟು ನಿಮಿಷ ಮೊದಲು ಬಿಡುತ್ತಾರೆ. 2010ರಲ್ಲಿ ಗೆದ್ದವಳು 8 ವರ್ಷದ ಹುಡುಗಿ. ಎರಡನೆಯವರಾಗಿ ಬಂದ ಹೆಣ್ಣುಮಗಳಿಗೆ 68 ವರ್ಷ. ಅಜ್ಜಿ ಮೊಮ್ಮಗಳ ವಯಸ್ಸಿನ ಇಬ್ಬರು ಕೊನೆಯ ಗೆರೆಗಾಗಿ ನಿಜವಾಗಿ ಸೆಣಸುವುದನ್ನು ಬೇರೆ ಯಾವ ಆಟದಲ್ಲಿ ನೋಡೋಕೆ ಸಿಗುತ್ತದೆ ಹೇಳಿ?

ಎಲ್ಲರೂ ಒಂದೇ ಗೆರೆಯಿಂದ ಹೊರಡುವ ಓಟ ಬೇಡ ಅಂತ ನಾನು ಹೇಳುವುದಿಲ್ಲ. ಇದೇ ಪುಣೆಯಲ್ಲಿ, ಡೆಕ್ಕನ್ ಜಿಮ್‌ಖಾನಾದಲ್ಲಿ 1919ರಲ್ಲಿ ನಡೆದ ಓಟಗಳನ್ನು ದೊರಾಬ್ಜಿ ಟಾಟಾ ಕುಳಿತು ನೋಡಿದರು. ಹಳ್ಳಿಯ ರೈತರ ಮಕ್ಕಳು ಬರಿಗಾಲಲ್ಲಿ ಓಡುತ್ತಿದ್ದರು. ಅವರ ಸಮಯ ಕಂಡು ಟಾಟಾ ಬೆರಗಾದರು. ಮರುವರ್ಷ, 1920ರಲ್ಲಿ, ಆಂಟ್ವೆರ್ಪ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಈಗಿನದಕ್ಕಿಂತ ಉದ್ದ. ಫಡೆಪ್ಪ 2 ಗಂಟೆ 50 ನಿಮಿಷದಲ್ಲಿ ಓಡಿ 19ನೆಯವರಾಗಿ ಬಂದರು. ಡೆಕ್ಕನ್ ಜಿಮ್‌ಖಾನಾ ಬಸ್ ಸ್ಟಾಪಿನಲ್ಲಿ ನಿಂತಾಗೆಲ್ಲ ನನಗೆ ಅವರ ನೆನಪು. ಅಂಥವರನ್ನು ಹುಡುಕೋಕೆ ಒಂದೇ ಗೆರೆಯ ಓಟ ಬೇಕೇ ಬೇಕು. ಎಲ್ಲರಲ್ಲಿ ಯಾರು ಮೇಲು ಅಂತ ಅದು ಕೇಳುತ್ತದೆ. ಹ್ಯಾಂಡಿಕ್ಯಾಪ್ ಕೇಳುವುದು ಬೇರೆ. ನಿನ್ನೆಯ ನಿನಗಿಂತ ಇವತ್ತಿನ ನೀನು ಎಷ್ಟು ಮುಂದೆ ಅಂತ ಎಲ್ಲರನ್ನೂ ಕೇಳುತ್ತದೆ, 38 ನಿಮಿಷದವನನ್ನೂ, 81 ನಿಮಿಷದವರನ್ನೂ.

ಹಾಗೆ ಕೇಳಬೇಕಾದರೆ ಲೆಕ್ಕ ಇಡುವವರೊಬ್ಬರು ಬೇಕು. ಈ ಓಟದ ಜೀವ ಇರುವುದೇ ಅಲ್ಲಿ. ನಮ್ಮಲ್ಲಿ ಆ ಕೆಲಸ ಮಾಡುವವರು ವಿಜಯಪುರದ ಕಡೆಯ ಒಬ್ಬ ಕಾಕಾ. ಕಾರ್ಖಾನೆಯಲ್ಲಿ ಅಕೌಂಟೆಂಟ್ ಆಗಿದ್ದು ನಿವೃತ್ತರಾದವರು. ಉದ್ದನೆಯ ಲೆಕ್ಕದ ಬುಕ್ಕು, ಕೆಂಪು ಬಟ್ಟೆಯ ರಟ್ಟಿನದು. ಒಬ್ಬೊಬ್ಬರಿಗೆ ಒಂದೊಂದು ಪುಟ. ತಾರೀಖು, ಸಮಯ, ಹವೆ, ಕೊನೆಯ ಕಾಲಮ್ಮಿನಲ್ಲಿ ಒಂದು ಮಾತು. ನನ್ನ ಪುಟದಲ್ಲಿ ಒಂದು ಕಡೆ ‘ಮಗಳ ಮದುವೆ ಆದ ವಾರ’ ಅಂತ ಬರೆದಿದ್ದಾರೆ. ಆ ದಿನದ ಸಮಯವನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ.

ಹೊಸಬರು ಬಂದರೆ ಕಾಕಾ ಮೊದಲು 96 ನಿಮಿಷ ಅಂತ ಬರೆಯುತ್ತಾರೆ. ಅದು ಸುಮ್ನೆ ಬಂದ ಅಂಕಿ ಅಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಹೇಳಿದ್ದ. 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, 600 ಮೀಟರ್ ಏರಿಗೆ ಒಂದು ಗಂಟೆ. ಬುಡದ ಹಳ್ಳಿ ಅತ್ಕರವಾಡಿಯಿಂದ ಗಡಕ್ಕೆ ಕಾಲುದಾರಿ ಸುಮಾರು 3 ಕಿಲೋಮೀಟರ್, ಏರು ಸುಮಾರು 600 ಮೀಟರ್. ದೂರಕ್ಕೆ 36 ನಿಮಿಷ, ಏರಿಗೆ 60. ಒಟ್ಟು 96. ಆಮೇಲೆ ಒಂದು ಶನಿವಾರ ಅವರನ್ನು ನಮ್ಮ ಜೊತೆ ಹತ್ತಿಸಿ ನಿಜವಾದ ಸಮಯ ತೆಗೆಯುತ್ತಾರೆ. ಮೊದಲ ಎರಡು ಓಟದಲ್ಲಿ ಹೊಸಬರಿಗೆ ಮೊಸರಿನ ಬಹುಮಾನ ಇಲ್ಲ. ಅದಕ್ಕೂ ಕಾರಣ ಇದೆ. ಹೊಸದಾಗಿ ಓಡುವವರು ಒಂದು ತಿಂಗಳಲ್ಲಿ ಎಂಟು ನಿಮಿಷ ಇಳಿಸಿಬಿಡಬಹುದು. ಆ ಕಾಲೇಜು ಹುಡುಗನಿಗೆ ಎರಡು ನಿಮಿಷ ಇಳಿಸಲು ಒಂದು ವರ್ಷ ಬೇಕು. ಅಂತರವನ್ನು ಹಾಗೇ ಪೂರ್ತಿ ಬಿಟ್ಟುಕೊಟ್ಟರೆ ಪ್ರತಿ ಸಲ ಹೊಸಬರೇ ಗೆಲ್ಲುತ್ತಾರೆ.

ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ಇದನ್ನು ಕಾಕಾ ನನಗೆ ಚಹಾದ ಅಂಗಡಿಯಲ್ಲಿ ಪೇಪರ್ ಮೇಲೆ ಬರೆದು ತೋರಿಸಿದಾಗ ನಾನು ದಂಗಾಗಿದ್ದೆ. ಮಳೆಗಾಲ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಕೆಸರು, ಎಲ್ಲರೂ ನೂರಕ್ಕೆ ಹತ್ತರಷ್ಟು ನಿಧಾನ ಆಗುತ್ತಾರೆ. ಎಲ್ಲರಿಗೂ ಒಂದೇ ಕೆಸರು, ಹಾಗಾದರೆ ಲೆಕ್ಕ ಬದಲಾಗಬಾರದು ಅಲ್ವಾ? ಬದಲಾಗುತ್ತದೆ. 38 ನಿಮಿಷದ ಹುಡುಗನಿಗೆ ಹತ್ತರಷ್ಟು ಅಂದರೆ ಹೆಚ್ಚುಕಡಿಮೆ 4 ನಿಮಿಷ. 81 ನಿಮಿಷದ ಅಜ್ಜನಿಗೆ 8 ನಿಮಿಷ. ಅಂದರೆ ಕೆಸರಿದ್ದ ದಿನ ಹಳೆಯ ಲೆಕ್ಕದಲ್ಲೇ ಓಡಿಸಿದರೆ ಅಜ್ಜ ಓಡುವ ಮೊದಲೇ 4 ನಿಮಿಷ ಸೋತಿರುತ್ತಾರೆ. ಅದಕ್ಕೆ ಜೂನಿನಿಂದ ಸೆಪ್ಟೆಂಬರಿನವರೆಗೆ ಕಾಕಾ ಬೇರೆ ಪಟ್ಟಿ ಮಾಡುತ್ತಾರೆ. ನಿಧಾನದವರನ್ನು ಇನ್ನೂ ಸ್ವಲ್ಪ ಮೊದಲು ಬಿಡುತ್ತಾರೆ. ಬಿಸಿಲಿನ ದಿನಕ್ಕೂ ಹಾಗೆಯೇ. ನಿಧಾನದವರು ಬಿಸಿಲಿನಲ್ಲಿ ಇರುವುದೂ ಜಾಸ್ತಿ ಹೊತ್ತು.

ಇಷ್ಟೆಲ್ಲ ಮಾಡಿದರೂ ಈ ಲೆಕ್ಕವನ್ನು ಯಾರು ಬೇಕಾದರೂ ಕೆಡಿಸಬಹುದು. ಎರಡು ಓಟ ಬೇಕಂತಲೇ ನಿಧಾನ ಓಡಿ, ಮೂರನೆಯದರಲ್ಲಿ ಜೋರಾಗಿ ಓಡಿದರೆ ಆಯಿತು, ಗೆದ್ದೇ ಗೆಲ್ಲುತ್ತೀರಿ. ಹಾಗಾಗಿ ಈ ಓಟ ನಿಂತಿರುವುದು ನಂಬಿಕೆಯ ಮೇಲೆ. ನಾನು ಬಂದ ಮೇಲೆ ಆರು ವರ್ಷದಲ್ಲಿ ಒಬ್ಬರೂ ಹಾಗೆ ಮಾಡಿದ್ದು ನಾನು ಕಂಡಿಲ್ಲ. ಒಂದು ಪುಟ ಪೂರ್ತಿ ನಿಮ್ಮ ಹೆಸರಿನಲ್ಲಿ ಬರೆದು ಕಾಯುವವರಿಗೆ ಸುಳ್ಳು ಅಂಕಿ ಕೊಡಲು ಮನಸ್ಸು ಬರುವುದಿಲ್ಲ.

ಮಧ್ಯದಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಅಕ್ಕಾ, ಜೋರಾಗಿ ಓಡುವ ಹುಡುಗನಿಗೆ ಇದು ಅನ್ಯಾಯ ಅಲ್ವಾ? ಕಷ್ಟಪಟ್ಟು ಮೇಲೆ ಬಂದವನು ಅವನು.” ಒಳ್ಳೆಯ ಪ್ರಶ್ನೆ. ನಾನೂ ಅವನನ್ನೇ ಕೇಳಿದ್ದೆ. ಕೊನೆಗೆ ಹೊರಡುವವನಿಗೆ ಸ್ಕ್ರ್ಯಾಚ್ ಅನ್ನುತ್ತಾರೆ, ನೆಲದ ಮೇಲೆ ಗೀಚಿದ ಮೂಲ ಗೆರೆಯಿಂದ ಹೊರಡುವವನು ಅಂತ. ಅವನು ಲಾತೂರಿನ ಹುಡುಗ, ನಮ್ಮ ಜೊತೆ ಓಡಿ ಓಡಿ ಸ್ವಲ್ಪ ಕನ್ನಡ ಕಲಿತಿದ್ದಾನೆ. ಅವನು ಹೇಳಿದ್ದು ಇದು. ಬೇರೆ ಓಟಗಳಲ್ಲಿ ಮೊದಲ ಹತ್ತು ನಿಮಿಷ ಆದ ಮೇಲೆ ಅವನ ಹಿಂದೆ ಯಾರೂ ಇರುವುದಿಲ್ಲ, ಮುಂದೆಯೂ ಇರುವುದಿಲ್ಲ. ಒಬ್ಬನೇ. ಇಲ್ಲಿ ಇಪ್ಪತ್ತೊಂದು ಜನ ಮುಂದೆ ಇರುತ್ತಾರೆ. ಒಂದೊಂದು ತಿರುವಿಗೂ ಒಬ್ಬೊಬ್ಬರ ಬೆನ್ನು ಕಾಣುತ್ತದೆ. ಅವನ ಅತಿ ಒಳ್ಳೆಯ ಸಮಯಗಳೆಲ್ಲ ಬಂದಿರುವುದು ಈ ಓಟದಲ್ಲೇ.

ಏರು ಓಡುವುದು ಹೇಗೆ ಅಂತಲೂ ಕೆಲವರು ಕೇಳಿದ್ದೀರಿ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಪೂರ್ತಿ ಓಡಬೇಕಾಗಿಲ್ಲ. ಕಡಿದಾದ ಕಡೆ ಓಡುವುದಕ್ಕಿಂತ ನಡೆದರೆ ದೇಹಕ್ಕೆ ಖರ್ಚು ಕಡಿಮೆ. ಆ ಹುಡುಗನೂ ಅಲ್ಲಿ ತೊಡೆಯ ಮೇಲೆ ಕೈ ಊರಿ ನಡೆಯುತ್ತಾನೆ. ಹೆಜ್ಜೆ ಚಿಕ್ಕದಿರಲಿ. ನಮ್ಮ ಓಟ ಮೇಲೆಯೇ ಮುಗಿಯುತ್ತದೆ, ಇಳಿಯುವಾಗ ಯಾರೂ ಓಡುವುದಿಲ್ಲ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದರ ನೋವು ಆ ದಿನ ಗೊತ್ತಾಗುವುದಿಲ್ಲ, ಮರುದಿನ ಅದರ ಮರುದಿನ ಗೊತ್ತಾಗುತ್ತದೆ. ಅದರ ಮೇಲೆ ಅಲ್ಲಿ ಸಣ್ಣ ಜಲ್ಲಿಕಲ್ಲು, ಕಾಲು ಜಾರುತ್ತದೆ. ಭಾನುವಾರ ನಾವು ಓಡುವುದಿಲ್ಲ. ಆ ದಿನ ಅರ್ಧ ಪುಣೆ ಅಲ್ಲೇ ಇರುತ್ತದೆ.

ಮತ್ತೆ ದಾರಿ ಬಿಡುವ ವಿಷಯ. ಇದನ್ನು ಹೊಸಬರಿಗೆ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ದಾರಿ ನಮ್ಮ ಓಟಕ್ಕೆ ಮಾಡಿದ್ದಲ್ಲ. ಕೆಳಗಿನ ಹಳ್ಳಿಯ ಹೆಣ್ಣುಮಕ್ಕಳು ಬೆಳಗಾಗುವ ಮೊದಲೇ ತಲೆಯ ಮೇಲೆ ಬುಟ್ಟಿ ಹೊತ್ತು ಅದೇ ಏರು ಹತ್ತುತ್ತಾರೆ. ಬುಟ್ಟಿಯಲ್ಲಿ ಮಡಿಕೆ ಮೊಸರು, ಸೌತೆಕಾಯಿ, ಮಜ್ಜಿಗೆ. ಅವರಿಗೆ ಅದು ಹೊಟ್ಟೆಪಾಡು. ಅವರು ಎದುರಾದರೆ ಓಟ ನಿಲ್ಲಿಸಿ ಪಕ್ಕಕ್ಕೆ ಸರಿಯಬೇಕು. ಅವರು ನಮ್ಮನ್ನು ನೋಡಿ ಯಾವಾಗಲೂ ಒಂದೇ ಮಾತು ಹೇಳುತ್ತಾರೆ: “ಚಲಾ, ಥೋಡಂಚ್ ರಾಹಿಲಂ.” ನಡೀರಿ, ಸ್ವಲ್ಪವೇ ಉಳಿದಿದೆ ಅಂತ. ಬುಡದಲ್ಲಿದ್ದರೂ ಅದನ್ನೇ ಹೇಳುತ್ತಾರೆ, ತುದಿಯಲ್ಲಿದ್ದರೂ ಅದನ್ನೇ. ಆ ಮಾತು ಕೇಳಿದರೆ ಕಾಲಿಗೆ ಎಲ್ಲಿಂದಲೋ ಶಕ್ತಿ ಬರುತ್ತದೆ.

ಕಳೆದ ಡಿಸೆಂಬರಿನ ಓಟದ ಬಗ್ಗೆ ಹೇಳಿ ಮುಗಿಸುತ್ತೇನೆ.

ಬೆಳಗಿನ ಐದೂವರೆಗೆ ಅತ್ಕರವಾಡಿಯಲ್ಲಿ ಸೇರಿದೆವು, ಇಪ್ಪತ್ತೆರಡು ಜನ. ಕತ್ತಲು, ಮೈ ನಡುಗುವ ಚಳಿ. ಕಾಕಾ ಆಗಲೇ ಸ್ಕೂಟರಿನಲ್ಲಿ ಘಾಟ್ ರಸ್ತೆ ಹಿಡಿದು ಮೇಲೆ ಹೋಗಿದ್ದರು. ಕೆಳಗೆ ಕಾಕು, ಅಂದರೆ ಕಾಕಾ ಅವರ ಹೆಂಡತಿ, ಒಂದು ಸ್ಟೂಲಿನ ಮೇಲೆ ಶಾಲು ಹೊದ್ದು ಕುಳಿತಿದ್ದರು. ಕೈಯಲ್ಲಿ ಟಾರ್ಚು, ಪಟ್ಟಿ, ಗಡಿಯಾರ. 6 ಗಂಟೆಗೆ ಅಜ್ಜನ ಹೆಸರು ಕರೆದರು. ಅಜ್ಜ ಗಡದ ಕಡೆ ಒಮ್ಮೆ ಕೈ ಮುಗಿದು ಹೊರಟರು. 1670ರ ಫೆಬ್ರವರಿಯ ರಾತ್ರಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಬಂಡೆ ಹತ್ತಿ ಗೆದ್ದ ಗಡ ಅದು, ಅಲ್ಲೇ ಜೀವ ಬಿಟ್ಟ. ಅಜ್ಜ ಪ್ರತಿ ಸಲ ಕೈ ಮುಗಿದೇ ಹೊರಡುವುದು. 6:11ಕ್ಕೆ ಕಾಕು ನನ್ನ ಹೆಸರು ಕರೆದರು.

ಮೊದಲ ಅರ್ಧ ಗಂಟೆ ಟಾರ್ಚಿನ ವೃತ್ತದಷ್ಟೇ ಲೋಕ. ಮೇಲೆ ಎಲ್ಲೋ ಇನ್ನೊಂದು ಬೆಳಕು ಅಲುಗಾಡುತ್ತಿತ್ತು, ಅಜ್ಜನದು. ಆಮೇಲೆ ಬೆಳಕು ಹರಿಯಿತು. ಕೆಳಗೆ ಖಡಕ್‌ವಾಸಲಾ ಅಣೆಕಟ್ಟಿನ ನೀರು ಬೂದಿ ಬಣ್ಣದಲ್ಲಿ ಕಂಡಿತು. ನಿಂತು ನೋಡಬೇಕು ಅನ್ನಿಸಿತು, ನಿಲ್ಲಲಿಲ್ಲ. ನನ್ನ ಜೀವನದಲ್ಲಿ ಯಾವ ಓಟದಲ್ಲೂ ನನ್ನ ಹಿಂದೆ ಅಷ್ಟು ಜನ ಇರಲಿಲ್ಲ. ಹಿಂದೆ ಇರುವವರೆಲ್ಲ ನನ್ನನ್ನು ಹಿಡಿಯೋಕೆ ಬರುತ್ತಿದ್ದಾರೆ ಅನ್ನುವುದು ಎಂಥ ಅನುಭವ ಅಂತ ಓಡಿದವರಿಗೇ ಗೊತ್ತು.

ಕೊನೆಯ ಏರಿನಲ್ಲಿ ಸದ್ದು ಕೇಳಿಸಿತು. ಜಲ್ಲಿಯ ಮೇಲೆ ಶೂ, ಕರಕರ, ಕರಕರ. ಉಸಿರು ಎರಡು ಹೆಜ್ಜೆಗೆ ಒಂದು. ತಿರುಗಿ ನೋಡದಿದ್ದರೂ ಅದು ಆ ಹುಡುಗನೇ ಅಂತ ಗೊತ್ತಾಯಿತು. ಇನ್ನೂ ಮೊದಲ ಬಾಗಿಲಿಗೆ ನಲವತ್ತು ಹೆಜ್ಜೆ ಇರಬೇಕು. ನಾನು ಕೈ ತೊಡೆಯಿಂದ ತೆಗೆದು ಓಡಿದೆ. ಬಾಯಲ್ಲಿ ಕಬ್ಬಿಣದ ರುಚಿ. ಅಜ್ಜ ಬಾಗಿಲ ಹತ್ತಿರ ಆಗಲೇ ನಿಂತು ಎರಡೂ ಕೈ ಎತ್ತಿ ನನ್ನನ್ನು ಕರೆಯುತ್ತಿದ್ದರು. ಬಾಗಿಲಿಗೆ ಮೂರು ಹೆಜ್ಜೆ ಇರುವಾಗ ಹುಡುಗ ನನ್ನ ಎಡಗಡೆಯಿಂದ ದಾಟಿದ. ದಾಟುವಾಗ “ಅಕ್ಕಾ, ಬಾ, ಬಾ” ಅಂದ.

ಅಜ್ಜ 7:18ಕ್ಕೆ ಮುಟ್ಟಿದ್ದರು, 78 ನಿಮಿಷ. ಮೊಸರು ಅವರದು. ಹುಡುಗನೂ ನಾನೂ 7:19. 7:24 ಆಗುವಷ್ಟರಲ್ಲಿ ಇಪ್ಪತ್ತೆರಡರಲ್ಲಿ ಹದಿನೇಳು ಜನ ಆ ಕಲ್ಲಿನ ಬಾಗಿಲಿನ ಮುಂದೆ ಇದ್ದೆವು. ಯಾರು ಎಷ್ಟನೆಯವರು ಅಂತ ಹೇಳೋಕೆ ಕಾಕಾ ಕೂಗಬೇಕಾಯಿತು. ಉಳಿದ ಐವರಿಗಾಗಿ ಎಲ್ಲರೂ ನಿಂತು ಕಾದೆವು, ಚಪ್ಪಾಳೆ ತಟ್ಟಿದೆವು. ಆಮೇಲೆ ಪಿಠಲ, ಭಾಕ್ರಿ, ಹಸಿ ಈರುಳ್ಳಿ. ನಮ್ಮ ಕಡೆಯ ಝುಣಕದ ಅಣ್ಣತಮ್ಮ ಅದು. ಅಜ್ಜ ತಮ್ಮ ಮೊಸರನ್ನು ಆ ಹುಡುಗನ ಜೊತೆ ಹಂಚಿಕೊಂಡರು.

ಊಟ ಮಾಡುತ್ತಲೇ ಕಾಕಾ ಬುಕ್ಕು ತೆರೆದು ನನ್ನ ಪುಟ ತೆಗೆದರು. 70 ಅಂತ ಇದ್ದದ್ದಕ್ಕೆ ಒಂದು ಗೆರೆ ಎಳೆದು ಪಕ್ಕದಲ್ಲಿ 68 ಅಂತ ಬರೆದರು. “ಮುಂದಿನ ಸಲ ಆರು ಹದಿಮೂರಕ್ಕ ಹೊರಡು ತಂಗೀ. ಎರಡು ನಿಮಿಷ ಕಟ್” ಅಂದರು. ನಾನು ಆ ಪುಟದ ಫೋಟೋ ತೆಗೆದುಕೊಂಡೆ.

ರಾತ್ರಿ ಹುಬ್ಬಳ್ಳಿಗೆ ಫೋನ್ ಮಾಡಿ ತಮ್ಮನಿಗೆ ಎಲ್ಲ ಹೇಳಿದೆ. ಅವನಿಗೆ ಈಗ ನಲವತ್ತೊಂಬತ್ತು. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: “ಅಂದ್ರ ಅಕ್ಕಾ, ಅವರು ನಿನ್ನ ಔಟ್ ಮಾಡಿದ್ರು!”